ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್: ಕೆಟ್ಟಾಗ ಎಲ್ಲಿ ನೋಡಬೇಕು

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ಏರ್ಪಾಟು ಕೈಕೊಟ್ಟಾಗ ಸ್ನೇಹಿತರೂ ಸಹೋದ್ಯೋಗಿಗಳೂ ತಮ್ಮ ಲ್ಯಾಪ್‌ಟಾಪುಗಳನ್ನು ತಂದು ಮುಂದಿಡುವುದುಂಟು. 'ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ' ಎಂಬುದೇ ಅವರಲ್ಲಿ ಹೆಚ್ಚಿನವರ ಮೊದಲ ಮಾತು. ಆ ಮಾತಿಗೆ ನಾನು ಸುಲಭವಾಗಿ ಒಪ್ಪುವುದಿಲ್ಲ, ಏಕೆಂದರೆ ಹೀಗೆ ಎರಡು ಸಿಸ್ಟಮ್‌ಗಳನ್ನು ಒಟ್ಟಿಗೆ ಇಡುವ ಡ್ಯುಯಲ್ ಬೂಟ್‌ನಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ವಿಂಡೋಸಿನ ಒಳಗೂ ಹುಟ್ಟುವುದಿಲ್ಲ, ಲಿನಕ್ಸಿನ ಒಳಗೂ ಹುಟ್ಟುವುದಿಲ್ಲ. ಎರಡೂ ಹಂಚಿಕೊಂಡಿರುವ ಬೆರಳೆಣಿಕೆಯಷ್ಟು ಜಾಗಗಳಲ್ಲಿ ಹುಟ್ಟುತ್ತವೆ. ಆ ಜಾಗಗಳು ಯಾವುವು, ಅಲ್ಲಿ ಕೊನೆಯದಾಗಿ ಬರೆದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ, ಕಡತಗಳನ್ನು ಕಳೆದುಕೊಳ್ಳದೆಯೇ ರಿಪೇರಿ ಮಾಡಲು ಸಾಧ್ಯವಾಗುತ್ತದೆ.

ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯಲ್ಲಿ ಕೋಣೆಗಳು ಬೇರೆಯಾದರೂ ಹೆಬ್ಬಾಗಿಲು ಮತ್ತು ಬಾವಿ ಒಂದೇ ಆಗಿರುವಂತೆ, ಇಲ್ಲಿಯೂ ಡಿಸ್ಕಿನ ಪಾಲುಗಳಾದ ಪಾರ್ಟಿಷನ್‌ಗಳು ಬೇರೆ ಬೇರೆಯಾಗಿದ್ದು ಕೆಲವು ವಸ್ತುಗಳು ಮಾತ್ರ ಜಂಟಿಯಾಗಿ ಉಳಿದುಬಿಡುತ್ತವೆ. ಸಿಸ್ಟಮ್‌ಗಳನ್ನು ಎಬ್ಬಿಸುವ ಬೂಟ್ ಫೈಲುಗಳನ್ನು ಇಡುವ ಚಿಕ್ಕ ಪಾರ್ಟಿಷನ್, ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುವ ಬೂಟ್ ಪಟ್ಟಿ, ಬ್ಯಾಟರಿಯಿಂದ ನಡೆಯುವ ಗಡಿಯಾರ, ಎರಡೂ ಕಡೆಯಿಂದ ತೆರೆಯುವ, ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯ ಪಾರ್ಟಿಷನ್, ಭದ್ರತಾ ಕೀಲಿಗಳು: ಹೆಚ್ಚು ಕಡಿಮೆ ಇಷ್ಟೇ. ಎರಡೂ ಆಪರೇಟಿಂಗ್ ಸಿಸ್ಟಮ್‌ಗಳು ಇಡೀ ಯಂತ್ರಕ್ಕೆ ತಾನೊಬ್ಬನೇ ಒಡೆಯ ಎಂಬ ತಿಳಿವಳಿಕೆಯಲ್ಲೇ ಬರೆಯಲ್ಪಟ್ಟಿವೆ. ಇದರಲ್ಲಿ ಕೆಡುಕಿನ ಉದ್ದೇಶ ಯಾರದ್ದೂ ಇಲ್ಲ. ಆದರೆ ಪರಿಣಾಮವನ್ನು ಅನುಭವಿಸುವವರು ಬಳಕೆದಾರರು.

ಹಳೆಯ ವಿಧಾನದಲ್ಲಿ ಈ ಜಗಳ ಇನ್ನೂ ನೇರವಾಗಿತ್ತು. 1983ರಲ್ಲಿ ಪಿಸಿ ಡಾಸ್ 2.0 ಜೊತೆಗೆ ಬಂದ ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ಏರ್ಪಾಟಿನಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಷ್ಟೇ ಎಲ್ಲವನ್ನೂ ನಿರ್ಧರಿಸುತ್ತಿದ್ದವು. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, ಕೊನೆಯ 2 ಬೈಟ್ ಗುರುತಿಗೆ ಮೀಸಲು. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬರಿಗೆ ಮಾತ್ರ ಜಾಗ. ಲಿನಕ್ಸ್ ಹಾಕಿದ ಮೇಲೆ ವಿಂಡೋಸನ್ನು ಮರುಸ್ಥಾಪಿಸಿದರೆ ಅದು ಆ 446 ಬೈಟ್‌ಗಳನ್ನು ಯಾವ ಮುನ್ಸೂಚನೆಯೂ ಇಲ್ಲದೆ ತನ್ನದಾಗಿಸಿಕೊಳ್ಳುತ್ತಿತ್ತು. 'ಮೊದಲು ವಿಂಡೋಸ್, ಆಮೇಲೆ ಲಿನಕ್ಸ್' ಎಂದು ಎಲ್ಲರೂ ಹೇಳುವ ಸಲಹೆ ಆ ಕಾಲದಲ್ಲಿ ಬೇರೂರಿದ್ದು.

ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಬಂದ ಮೇಲೆ ಚಿತ್ರ ಬದಲಾಯಿತು. ಇಂಟೆಲ್ ಕಂಪನಿ ತನ್ನ ಐಟೇನಿಯಂ ಯಂತ್ರಗಳಿಗಾಗಿ ಆರಂಭಿಸಿದ ಈ ಕೆಲಸವನ್ನು 2005ರಲ್ಲಿ ರಚನೆಯಾದ ಯುಇಎಫ್‌ಐ ಫೋರಂ ಮುಂದುವರಿಸಿತು. ಈಗ ಆಪರೇಟಿಂಗ್ ಸಿಸ್ಟಮ್‌ಗಳನ್ನು ಎಬ್ಬಿಸುವ ಬೂಟ್‌ಲೋಡರುಗಳು ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಒಳಗೆ ಸಾಧಾರಣ ಫೈಲುಗಳಾಗಿ ಕುಳಿತಿರುತ್ತವೆ. 'ಇಎಫ್‌ಐ' ಎಂಬ ಫೋಲ್ಡರಿನ ಕೆಳಗೆ 'ಮೈಕ್ರೋಸಾಫ್ಟ್' ಎಂಬ ಒಂದು ಫೋಲ್ಡರು, ಲಿನಕ್ಸಿನ ಒಂದು ಬಗೆಯಾದ 'ಉಬುಂಟು' ಹೆಸರಿನ ಇನ್ನೊಂದು, ಯಾರೂ ಇಲ್ಲದಾಗ ಬಳಕೆಗೆ ಬರುವ 'ಬೂಟ್' ಎಂಬ ಮತ್ತೊಂದು. ಒಬ್ಬರ ಫೈಲಿನ ಮೇಲೆ ಇನ್ನೊಬ್ಬರು ಬರೆಯಬೇಕಾದ ಅಗತ್ಯವೇ ಇಲ್ಲ. ಹಾಗಾದರೆ ತೊಂದರೆ ಏಕೆ ಬರುತ್ತದೆಂದರೆ, ಇವುಗಳಲ್ಲಿ ಯಾವುದನ್ನು ಮೊದಲು ಎಬ್ಬಿಸಬೇಕು ಎಂಬ ಸರದಿಪಟ್ಟಿ ಡಿಸ್ಕಿನಲ್ಲಿ ಇರದೆ ಮದರ್‌ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಇರುತ್ತದೆ, ಮತ್ತು ಆ ಪಟ್ಟಿಯನ್ನು ವಿಂಡೋಸ್, ಲಿನಕ್ಸ್, ಫರ್ಮ್‌ವೇರ್ ಈ ಮೂವರೂ ತಿದ್ದಬಲ್ಲರು.

ಹಾಗಾಗಿ 'ನಿನ್ನೆಯವರೆಗೆ ಮೆನು ಬರುತ್ತಿತ್ತು, ಇವತ್ತು ನೇರವಾಗಿ ವಿಂಡೋಸಿಗೇ ಹೋಗುತ್ತಿದೆ' ಎಂಬ ದೂರು ಬಂದಾಗ ಲಿನಕ್ಸ್ ಹೋಯಿತೆಂದು ಹೆದರಬೇಕಾಗಿಲ್ಲ. ಯಂತ್ರ ಆರಂಭವಾಗುವಾಗ ಫರ್ಮ್‌ವೇರಿನ ಬೂಟ್ ಮೆನು ತೆರೆದು ಅಲ್ಲಿ ಉಬುಂಟು ಅಥವಾ ಫೆಡೋರಾ ಎಂಬ ಹೆಸರು ಇದೆಯೇ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಹೆಸರಿದ್ದರೆ ಅದನ್ನು ಆರಿಸಿ ಲಿನಕ್ಸಿಗೆ ಹೋಗಿ, ಟರ್ಮಿನಲ್‌ನಲ್ಲಿ 'ಇಎಫ್‌ಐಬೂಟ್‌ಎಂಜಿಆರ್' ಎಂಬ ಆದೇಶ ಕೊಡಬೇಕು. ಅದು ತೋರಿಸುವ ನಾಲ್ಕಾರು ಸಾಲುಗಳನ್ನು ಓದಲು ಕಲಿತವರಿಗೆ ಈ ಬಗೆಯ ಸಮಸ್ಯೆಗಳ ಭಯ ಹೋಗುತ್ತದೆ. 'ಬೂಟ್‌ಕರೆಂಟ್' ಎಂಬ ಸಾಲು ಈ ಸಲ ಯಂತ್ರ ಎದ್ದದ್ದು ಯಾವ ನಮೂದಿನಿಂದ ಎಂದು ಹೇಳುತ್ತದೆ. 'ಬೂಟ್‌ಆರ್ಡರ್' ಎಂಬುದರ ಮುಂದೆ 0000, 0003 ಎಂಬಂಥ ನಾಲ್ಕಂಕಿಯ ಸಂಖ್ಯೆಗಳು ಅಲ್ಪವಿರಾಮಗಳ ನಡುವೆ ಸಾಲಾಗಿರುತ್ತವೆ, ಅದೇ ಸರದಿ. ಅದರ ಕೆಳಗೆ ಒಂದೊಂದು ಸಂಖ್ಯೆಯೂ ಯಾರದ್ದು ಎಂಬ ವಿವರವಿರುತ್ತದೆ, ನಮೂದು ಚಾಲ್ತಿಯಲ್ಲಿದ್ದರೆ ಸಂಖ್ಯೆಯ ಪಕ್ಕದಲ್ಲಿ ಒಂದು ನಕ್ಷತ್ರದ ಚಿಹ್ನೆ ಇರುತ್ತದೆ. 0000 ವಿಂಡೋಸ್ ಬೂಟ್ ಮ್ಯಾನೇಜರ್ ಆಗಿದ್ದು 0003 ಉಬುಂಟು ಆಗಿದ್ದರೆ, ಸರದಿಯಲ್ಲಿ 0003ನ್ನು ಮುಂದೆ ಇಡುವಂತೆ ಅದೇ ಆದೇಶಕ್ಕೆ ಹೇಳಿದರೆ ಕೆಲಸ ಮುಗಿಯಿತು. ಡಿಸ್ಕಿನ ಒಂದು ಬೈಟನ್ನೂ ಮುಟ್ಟಿದಂತಾಗಲಿಲ್ಲ.

ಎಲ್ಲ ಫರ್ಮ್‌ವೇರುಗಳೂ ಇಷ್ಟು ಸಂಭಾವಿತವಾಗಿ ನಡೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಸರದಿಯನ್ನು ಎಷ್ಟು ಸಲ ತಿದ್ದಿದರೂ ಮುಂದಿನ ಬಾರಿಗೆ ವಿಂಡೋಸನ್ನೇ ಮುಂದಕ್ಕೆ ತರುವ ಲ್ಯಾಪ್‌ಟಾಪುಗಳನ್ನು ನಾನು ಕಂಡಿದ್ದೇನೆ. ಅಂಥವುಗಳಲ್ಲಿ ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ಎಂದು ನೋಡುವುದು ಸರಿ. ಅದೂ ಫಲಿಸದಿದ್ದರೆ, ವಿಂಡೋಸಿನ 'ಬಿಸಿಡಿಎಡಿಟ್' ಆದೇಶದ ಮೂಲಕ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ನಮೂದೇ ಲಿನಕ್ಸಿನ ಲೋಡರ್ ಫೈಲನ್ನು ತೋರಿಸುವಂತೆ ಮಾಡಬಹುದು. ಫರ್ಮ್‌ವೇರ್ ತನಗೆ ಗೊತ್ತಿರುವ ಹೆಸರನ್ನೇ ಕರೆಯುತ್ತದೆ, ಎದ್ದು ಬರುವುದು ಮಾತ್ರ ಲಿನಕ್ಸಿನ ಬೂಟ್‌ಲೋಡರ್ ಆದ ಗ್ರಬ್. ಇದು ನನಗೆ ಅಷ್ಟು ಇಷ್ಟವಾದ ದಾರಿಯಲ್ಲ, ಏಕೆಂದರೆ ಮುಂದೆ ಯಾರಾದರೂ ಆ ಯಂತ್ರವನ್ನು ನೋಡಿದಾಗ ಹೆಸರು ಒಂದು, ಕೆಲಸ ಇನ್ನೊಂದು ಆಗಿರುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಸರಿ.

ಇದರ ತಿರುವುಮುರುವಾದ ದೂರು ಕೂಡ ಸಾಮಾನ್ಯ: ಗ್ರಬ್ ಮೆನು ಬರುತ್ತದೆ, ಅದರಲ್ಲಿ ವಿಂಡೋಸ್ ಇಲ್ಲ. 2021ರಲ್ಲಿ ಬಂದ ಗ್ರಬ್ 2.06 ಆವೃತ್ತಿಯಿಂದ, ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕುವ 'ಓಎಸ್-ಪ್ರೋಬರ್' ಎಂಬ ಸಾಧನವನ್ನು ಸುರಕ್ಷತೆಯ ಕಾರಣಕ್ಕೆ ತಾನಾಗಿ ಓಡಿಸುವುದನ್ನು ನಿಲ್ಲಿಸಲಾಯಿತು. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಆ ತಡೆಯನ್ನು ತೆಗೆದು ಮೆನುವನ್ನು ಮತ್ತೆ ರಚಿಸಿದರೆ ವಿಂಡೋಸ್ ಮರಳಿ ಬರುತ್ತದೆ. ಹಾಗೆ ಮಾಡಿದ ಮೇಲೂ ಬಾರದಿದ್ದರೆ ಎರಡು ಸಿಸ್ಟಮ್‌ಗಳೂ ಬೇರೆ ಬೇರೆ ವಿಧಾನದಲ್ಲಿ ಸ್ಥಾಪನೆಯಾಗಿವೆಯೇ ಎಂದು ನೋಡಬೇಕು. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದು, ಲಿನಕ್ಸಿನ ಪೆನ್‌ಡ್ರೈವ್ ಮಾಸ್ಟರ್ ಬೂಟ್ ರೆಕಾರ್ಡ್ ಬಳಸುವ ಹಳೆಯ ಲೆಗಸಿ ವಿಧಾನದಲ್ಲಿ ಎದ್ದು ಸ್ಥಾಪನೆ ನಡೆದಿದ್ದರೆ, ಒಂದರ ಬೂಟ್‌ಲೋಡರ್ ಇನ್ನೊಂದನ್ನು ಎಬ್ಬಿಸಲಾರದು. ಲಿನಕ್ಸಿನಲ್ಲಿ 'ಸಿಸ್' ಡೈರೆಕ್ಟರಿಯ ಕೆಳಗಿನ 'ಫರ್ಮ್‌ವೇರ್' ಒಳಗೆ 'ಇಎಫ್‌ಐ' ಎಂಬ ಫೋಲ್ಡರ್ ಇದೆಯೇ ಎಂದು ನೋಡಿದರೆ ಸಾಕು. ಇದ್ದರೆ ಆ ಕ್ಷಣ ಯಂತ್ರ ಯುಇಎಫ್‌ಐ ವಿಧಾನದಲ್ಲಿ ನಡೆಯುತ್ತಿದೆ. ಡಿಸ್ಕಿಗೆ ಸ್ಥಾಪಿಸದೆಯೇ ಲಿನಕ್ಸ್ ನಡೆಸುವ ಲೈವ್ ಪೆನ್‌ಡ್ರೈವ್‌ನಿಂದ ರಿಪೇರಿಗೆ ಇಳಿಯುವ ಮುನ್ನ ಈ ಒಂದು ನೋಟ ಕಡ್ಡಾಯ, ಏಕೆಂದರೆ ತಪ್ಪು ವಿಧಾನದಲ್ಲಿ ಎದ್ದ ಪೆನ್‌ಡ್ರೈವ್ ರಿಪೇರಿಯನ್ನೂ ತಪ್ಪು ವಿಧಾನದಲ್ಲೇ ಮಾಡುತ್ತದೆ.

ಜನರನ್ನು ಎಲ್ಲಕ್ಕಿಂತ ಹೆಚ್ಚು ಗಾಬರಿಗೊಳಿಸುವುದು ಕಪ್ಪು ಪರದೆಯ ಮೇಲೆ ಕಾಣುವ 'ಗ್ರಬ್ ರೆಸ್ಕ್ಯೂ' ಎಂಬ ಎರಡು ಪದಗಳು. ಬರೀ 'ಗ್ರಬ್' ಎಂದಿದ್ದರೆ ಗ್ರಬ್ ಪೂರ್ತಿಯಾಗಿ ಎದ್ದಿದೆ, ಮೆನುವಿನ ಫೈಲು ಮಾತ್ರ ಸಿಕ್ಕಿಲ್ಲ ಎಂದು ಅರ್ಥ. 'ಗ್ರಬ್ ರೆಸ್ಕ್ಯೂ' ಎಂದಿದ್ದರೆ ಅದರ ಉಳಿದ ಭಾಗಗಳೂ ಸಿಕ್ಕಿಲ್ಲ, ಕೈಯಲ್ಲಿರುವುದು ಅದರ ತಿರುಳು ಮಾತ್ರ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಷನ್ ಅಳಿಸಿದಾಗ ಅಥವಾ ಹೊಸದೊಂದನ್ನು ನಡುವೆ ಸೇರಿಸಿದಾಗ ಸಂಖ್ಯೆಗಳು ಅದಲುಬದಲಾಗಿ ಇಂಥ ಸ್ಥಿತಿ ಬರುವುದುಂಟು. ಲಿನಕ್ಸಿನ ಪಾರ್ಟಿಷನ್ ಅಳಿದಿಲ್ಲವಾದರೆ, ಈ ಪರದೆಯಿಂದಲೇ ಅದನ್ನು ಹುಡುಕಿ ತೆಗೆಯಬಹುದು. 'ಎಲ್‌ಎಸ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಆವರಣಗಳ ಒಳಗೆ ಡಿಸ್ಕುಗಳೂ ಪಾರ್ಟಿಷನ್‌ಗಳೂ ಸಾಲಾಗಿ ಕಾಣಿಸುತ್ತವೆ. ಒಂದೊಂದರ ಹೆಸರಿನ ಕೊನೆಯಲ್ಲಿ ಓರೆಗೆರೆ ಸೇರಿಸಿ ಮತ್ತೆ 'ಎಲ್‌ಎಸ್' ಕೊಡಬೇಕು. ಹೆಚ್ಚಿನವು 'ಅನ್‌ನೋನ್ ಫೈಲ್‌ಸಿಸ್ಟಮ್' ಎನ್ನುತ್ತವೆ. ಅವುಗಳಲ್ಲಿ ಒಂದು ಮಾತ್ರ 'ಬೂಟ್', 'ಇಟಿಸಿ', 'ಹೋಮ್', 'ಯುಎಸ್‌ಆರ್' ಎಂಬ ಪರಿಚಿತ ಹೆಸರುಗಳನ್ನು ತೋರಿಸುತ್ತದೆ. ಆ ಹೆಸರುಗಳು ಪರದೆಯ ಮೇಲೆ ಬಂದವೆಂದರೆ ಕಡತಗಳು ಇದ್ದಲ್ಲೇ ಇವೆಯೆಂದು ನೆಮ್ಮದಿಯಾಗಿ ಉಸಿರಾಡಬಹುದು. ಅನಂತರ 'ಪ್ರಿಫಿಕ್ಸ್' ಎಂಬ ಮೌಲ್ಯಕ್ಕೆ ಆ ಪಾರ್ಟಿಷನ್ನಿನ 'ಬೂಟ್' ಒಳಗಿನ 'ಗ್ರಬ್' ಫೋಲ್ಡರಿನ ದಾರಿಯನ್ನು ಕೊಟ್ಟು, 'ನಾರ್ಮಲ್' ಎಂಬ ಮಾಡ್ಯೂಲನ್ನು ಸೇರಿಸಿ ಅದನ್ನೇ ಓಡಿಸಿದರೆ, ಹಳೆಯ ಮೆನು ಇದ್ದಂತೆಯೇ ಮೂಡುತ್ತದೆ. ಲಿನಕ್ಸಿನ ಒಳಹೊಕ್ಕ ಮೇಲೆ ಗ್ರಬ್ಬನ್ನು ಮರುಸ್ಥಾಪಿಸಿದರೆ ಮುಂದಿನ ಸಲ ಈ ಪಾಡಿಲ್ಲ. ಇಷ್ಟು ಕೈಗೂಡದಿದ್ದಾಗ ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ಡಿಸ್ಕಿನಲ್ಲಿರುವ ಲಿನಕ್ಸಿನೊಳಗೆ 'ಸಿಎಚ್‌ರೂಟ್' ಎಂಬ ಆದೇಶದ ಮೂಲಕ ಪ್ರವೇಶಿಸಿ ಅದೇ ಮರುಸ್ಥಾಪನೆಯನ್ನು ಮಾಡುವುದು ಮುಂದಿನ ಮೆಟ್ಟಿಲು.

ಬೂಟ್ ಆಗದಿರುವ ಸಮಸ್ಯೆಗಳು ಕಣ್ಣಿಗೆ ಹೊಡೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಅವುಗಳಿಗಿಂತ ಅಪಾಯಕಾರಿಯಾದದ್ದು ಸದ್ದಿಲ್ಲದೆ ಕಡತಗಳನ್ನು ಕೆಡಿಸಬಲ್ಲ ಫಾಸ್ಟ್ ಸ್ಟಾರ್ಟಪ್. 2012ರಲ್ಲಿ ವಿಂಡೋಸ್ 8 ಜೊತೆಗೆ ಬಂದ ಈ ಸೌಲಭ್ಯದಲ್ಲಿ 'ಶಟ್‌ಡೌನ್' ಒತ್ತಿದಾಗ ಬಳಕೆದಾರರ ಕಾರ್ಯಕ್ರಮಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ತಿರುಳಾದ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿರುವ ಹೈಬರ್ನೇಟ್ ಫೈಲಿಗೆ ಬರೆಯಲ್ಪಟ್ಟು ಮುಂದಿನ ಸಲ ಅಲ್ಲಿಂದಲೇ ಎದ್ದು ಬರುತ್ತದೆ. ಅಂದರೆ ಯಂತ್ರ ಆರಿದಂತೆ ಕಂಡರೂ ವಿಂಡೋಸ್ ತನ್ನ ಪಾರ್ಟಿಷನ್‌ಗಳನ್ನು ಇನ್ನೂ ಕೈಬಿಟ್ಟಿರುವುದಿಲ್ಲ. ಈ ನಡುವೆ ಲಿನಕ್ಸಿನಿಂದ ಅದೇ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿಗೆ ಏನಾದರೂ ಬರೆದರೆ, ಮರಳಿ ಎದ್ದ ವಿಂಡೋಸ್ ತನ್ನ ನೆನಪಿನಲ್ಲಿದ್ದ ಹಳೆಯ ಲೆಕ್ಕವನ್ನೇ ನಂಬಿ ಅದರ ಮೇಲೆ ಬರೆಯುತ್ತದೆ. ಹೊಸ ಫೈಲುಗಳು ಮಾಯವಾಗಬಹುದು, ಫೋಲ್ಡರುಗಳು ಹಾಳಾಗಬಹುದು.

ಲಿನಕ್ಸಿನ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಇದನ್ನು ಗುರುತಿಸಿ, ಪಾರ್ಟಿಷನ್ ಹೈಬರ್ನೇಟ್ ಸ್ಥಿತಿಯಲ್ಲಿದೆ ಎಂದು ಹೇಳಿ, ಬರೆಯಲು ಬಿಡದೆ ಓದಲಷ್ಟೇ ತೆರೆಯುತ್ತದೆ. ಬಹಳ ಮಂದಿಗೆ ಈ ಸಂದೇಶ ಒಂದು ಕಿರಿಕಿರಿಯಾಗಿ ಕಾಣುತ್ತದೆ. ಅದನ್ನು ಮೀರಿ ಹೈಬರ್ನೇಟ್ ಫೈಲನ್ನೇ ಅಳಿಸಿ ತೆರೆಯುವ ಆಯ್ಕೆಯನ್ನು ಅವರು ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಂದೇಶ ನಿಮ್ಮ ಕಡತಗಳನ್ನು ಕಾಯುತ್ತಿದೆ. ಸರಿಯಾದ ಪರಿಹಾರ ವಿಂಡೋಸಿನ ಕಡೆಯಲ್ಲಿದೆ: ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎದುರಿನ ಗುರುತನ್ನು ತೆಗೆಯುವುದು, ಅಥವಾ ಅಡ್ಮಿನಿಸ್ಟ್ರೇಟರ್ ಆಗಿ 'ಪವರ್‌ಸಿಎಫ್‌ಜಿ' ಆದೇಶದಿಂದ ಹೈಬರ್ನೇಟನ್ನೇ ನಿಲ್ಲಿಸುವುದು. ಒಂದೆರಡು ಸಲದ ಅಗತ್ಯಕ್ಕಾದರೆ 'ರೀಸ್ಟಾರ್ಟ್' ಒತ್ತಿ ಲಿನಕ್ಸಿಗೆ ಬಂದರೂ ಸಾಕು, ಏಕೆಂದರೆ ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿಯಾಗಿ ಮುಚ್ಚುತ್ತದೆ. 'ಶಟ್‌ಡೌನ್ ಮಾಡಿದೆ, ಆದರೂ ತೆರೆಯುತ್ತಿಲ್ಲ. ರೀಸ್ಟಾರ್ಟ್ ಮಾಡಿದರೆ ತೆರೆಯುತ್ತದೆ' ಎಂದು ಯಾರಾದರೂ ಹೇಳಿದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಲಿನಕ್ಸ್ ಕರ್ನಲ್‌ಗೆ 2021ರಲ್ಲಿ 5.15ನೇ ಆವೃತ್ತಿಯೊಂದಿಗೆ ಎನ್‌ಟಿಎಫ್‌ಎಸ್3 ಎಂಬ ಹೊಸ ಡ್ರೈವರ್ ಸೇರಿದ್ದು, ಓದುವ ಬರೆಯುವ ಕೆಲಸ ಕರ್ನಲ್‌ನಲ್ಲೇ ನಡೆಯುವಂತಾಯಿತು. ಹಾಗೆಂದು ಎನ್‌ಟಿಎಫ್‌ಎಸ್‌ನ ಪೂರ್ಣ ರಿಪೇರಿಯನ್ನು ಲಿನಕ್ಸಿನಿಂದ ನಿರೀಕ್ಷಿಸಬಾರದು. ಪಾರ್ಟಿಷನ್ನಿನಲ್ಲಿ ದೋಷವಿದೆ ಎಂದು ಗೊತ್ತಾದರೆ ವಿಂಡೋಸಿಗೆ ಹೋಗಿ 'ಚೆಕ್‌ಡಿಸ್ಕ್' ಓಡಿಸುವುದೇ ಕ್ರಮ.

ಗಡಿಯಾರದ ವಿಷಯ ಚಿಕ್ಕದು. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ಭಾವಿಸುತ್ತದೆ, ಯುಟಿಸಿ ಎಂಬ ಜಾಗತಿಕ ಸಮಯ ಎಂದು ಲಿನಕ್ಸ್ ಭಾವಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ಕೆಲವು ಗಂಟೆ ಹಿಂದೆ ಮುಂದೆ ಆಗುತ್ತದೆ. ಸಮಯವನ್ನು ಆಧರಿಸಿದ ಒಟಿಪಿಗಳು ತಾಳೆಯಾಗದಿದ್ದಾಗ ಮಾತ್ರ ಕೆಲವರು ಇದನ್ನು ಗಮನಿಸುತ್ತಾರೆ. ಲಿನಕ್ಸನ್ನು ಸ್ಥಳೀಯ ಸಮಯಕ್ಕೆ ತಿರುಗಿಸುವುದು ಒಂದೇ ಆದೇಶದ ಕೆಲಸವಾದರೂ ಆ ಆದೇಶವೇ ಅದರ ಬಗ್ಗೆ ಎಚ್ಚರಿಸುತ್ತದೆ. ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯೂನಿವರ್ಸಲ್' ಎಂಬ ಮೌಲ್ಯವನ್ನು 1 ಮಾಡಿ ವಿಂಡೋಸನ್ನು ಯುಟಿಸಿಗೆ ತರುವುದನ್ನು ನಾನು ಮೆಚ್ಚುತ್ತೇನೆ. ಬೇಸಿಗೆ ಚಳಿಗಾಲಕ್ಕೆ ಗಡಿಯಾರ ಬದಲಿಸುವ ದೇಶಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಬೆಲೆ, ಏಕೆಂದರೆ ಅಲ್ಲಿ ಎರಡೂ ಸಿಸ್ಟಮ್‌ಗಳು ಒಂದೇ ಬದಲಾವಣೆಯನ್ನು ಎರಡು ಸಲ ಮಾಡಿಬಿಡಬಹುದು.

ಭದ್ರತೆಯ ಕೀಲಿಗಳ ವಿಷಯದಲ್ಲಿ ಇಷ್ಟು ಹಗುರವಾಗಿ ಇರಲಾಗದು. ಒಪ್ಪಿತ ಸಹಿ ಇರುವ ಲೋಡರುಗಳನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಲಿನಕ್ಸ್ ಏಳುವುದು 'ಶಿಮ್' ಎಂಬ ಪುಟ್ಟ ಲೋಡರಿನ ಮೂಲಕ. ಅದಕ್ಕೆ ಮೈಕ್ರೋಸಾಫ್ಟ್ ಸಹಿ ಇರುತ್ತದೆ, ಶಿಮ್ ತನ್ನ ಸರದಿಯಲ್ಲಿ ಗ್ರಬ್‌ನ ಸಹಿಯನ್ನು ಪರಿಶೀಲಿಸುತ್ತದೆ. 2020ರಲ್ಲಿ ಗ್ರಬ್‌ನಲ್ಲಿ 'ಬೂಟ್‌ಹೋಲ್' ಎಂಬ ದೋಷ ಬೆಳಕಿಗೆ ಬಂದ ಮೇಲೆ, ದೋಷವಿರುವ ಹಳೆಯ ಆವೃತ್ತಿಗಳನ್ನು ತಡೆಯಲು 'ಎಸ್‌ಬ್ಯಾಟ್' ಎಂಬ ಆವೃತ್ತಿ ಲೆಕ್ಕದ ಏರ್ಪಾಟು ಬಂತು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಈ ಲೆಕ್ಕವನ್ನು ಮುಂದಕ್ಕೆ ತಳ್ಳಿತು. ಡ್ಯುಯಲ್ ಬೂಟ್ ಯಂತ್ರಗಳಿಗೆ ಇದು ತಟ್ಟುವುದಿಲ್ಲ ಎಂದು ಹೇಳಲಾಗಿತ್ತಾದರೂ, ಕೆಲವು ಏರ್ಪಾಟುಗಳನ್ನು ಅಪ್‌ಡೇಟ್ ಗುರುತಿಸಲಿಲ್ಲವೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಹಳೆಯ ಶಿಮ್ ಇದ್ದ ಯಂತ್ರಗಳಲ್ಲಿ ಎಸ್‌ಬ್ಯಾಟ್ ಪರಿಶೀಲನೆ ವಿಫಲವಾಗಿದೆ, ಏನೋ ಗಂಭೀರವಾಗಿ ಕೆಟ್ಟಿದೆ ಎಂಬ ಸಂದೇಶ ಮೂಡಿ ಲಿನಕ್ಸ್ ಏಳದಾಯಿತು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿಗೆ ಹೋಗಿ, 'ಮೋಕ್‌ಯುಟಿಲ್' ಆದೇಶದಿಂದ ಎಸ್‌ಬ್ಯಾಟ್‌ನ ಆ ನಿಯಮವನ್ನು ಅಳಿಸಿ, ಶಿಮ್ ಅಪ್‌ಡೇಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಚಾಲೂ ಮಾಡುವುದು ಪರಿಹಾರವಾಗಿತ್ತು. ಶಾಶ್ವತವಾಗಿ ನಿಲ್ಲಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ನನಗೆ ಅದು ಸಮ್ಮತವಲ್ಲ.

ಸೆಕ್ಯೂರ್ ಬೂಟ್ ನಿಲ್ಲಿಸುವ ಮುನ್ನ ಇನ್ನೊಂದು ವಿಷಯ ತಿಳಿದಿರಲೇಬೇಕು. ವಿಂಡೋಸಿನ ಪಾರ್ಟಿಷನ್ ಬಿಟ್‌ಲಾಕರ್ ಎಂಬ ಬೀಗದ ಸೌಲಭ್ಯದಿಂದ ಎನ್‌ಕ್ರಿಪ್ಟ್ ಆಗಿದ್ದರೆ, ಕೀಲಿಗಳನ್ನು ಕಾಯುವ ಯಂತ್ರದ ಟಿಪಿಎಂ ಚಿಪ್ ಬೂಟ್ ಸರಪಳಿಯ ಬದಲಾವಣೆಯನ್ನು ಗಮನಿಸಿ ಕೀಲಿಯನ್ನು ಕೊಡಲು ನಿರಾಕರಿಸುತ್ತದೆ. ಆಗ ನೀಲಿ ಪರದೆ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಅನೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಎನ್‌ಕ್ರಿಪ್ಶನ್ ಮಾಲೀಕರ ಗಮನಕ್ಕೇ ಬಾರದೆ ಚಾಲೂ ಆಗಿರುತ್ತದೆ. ಆ ಕೀಲಿ ಇಲ್ಲದಿದ್ದರೆ ಒಳಗಿನ ಕಡತಗಳನ್ನು ಯಾರೂ ಬಿಡಿಸಿಕೊಡಲಾರರು. ಆದುದರಿಂದ ಯಾರದೇ ಯಂತ್ರವಿರಲಿ, ಫರ್ಮ್‌ವೇರ್ ಸೆಟ್ಟಿಂಗ್ ತೆರೆಯುವ ಮೊದಲು ಬಿಟ್‌ಲಾಕರ್ ಸ್ಥಿತಿ ನೋಡಿ, ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟು, ಸಾಧ್ಯವಾದರೆ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿದು ಮುಂದುವರಿಯುತ್ತೇನೆ. ಅವಸರದಲ್ಲಿರುವವರಿಗೆ ಇದು ಬೇಸರ ತರಿಸಿದರೂ ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಇದೇ ಎಚ್ಚರ ಡಿಸ್ಕಿನ ವಿಧಾನ ಬದಲಿಸುವಾಗಲೂ ಬೇಕು. ಲಿನಕ್ಸಿನ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ, ಬಹಳ ಸಲ ಫರ್ಮ್‌ವೇರಿನಲ್ಲಿ ಡಿಸ್ಕು, ಡಿಸ್ಕುಗಳನ್ನು ಒಟ್ಟುಗೂಡಿಸಿ ನಿರ್ವಹಿಸುವ ಇಂಟೆಲ್‌ನ ಆರ್‌ಎಸ್‌ಟಿ ಅಥವಾ ರೇಡ್ ವಿಧಾನದಲ್ಲಿರುವುದು ಕಾರಣ. ಅದನ್ನು ಸಾಮಾನ್ಯ ವಿಧಾನವಾದ ಎಎಚ್‌ಸಿಐಗೆ ಬದಲಿಸಿದರೆ ಡಿಸ್ಕು ಕಾಣುತ್ತದೆ, ಆದರೆ ವಿಂಡೋಸ್ ತನ್ನ ಬೂಟ್ ಡಿಸ್ಕು ಸಿಗುತ್ತಿಲ್ಲವೆಂದು ನಿಂತುಬಿಡಬಹುದು. ಮೊದಲು ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿ, ಅನಂತರ ವಿಧಾನ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದು ಸರಿಯಾದ ಡ್ರೈವರನ್ನು ಅದು ಹಿಡಿದುಕೊಂಡ ಮೇಲೆ ಆ ಹೊಂದಿಕೆಯನ್ನು ತೆಗೆದರೆ ಎರಡೂ ನೆಮ್ಮದಿಯಾಗಿ ನಡೆಯುತ್ತವೆ.

ಒಂದು ಬ್ಲೂಟೂತ್ ಕೀಬೋರ್ಡ್ ಅಥವಾ ಹೆಡ್‌ಫೋನ್ ವಿಂಡೋಸಿನಲ್ಲಿ ಜೋಡಿಯಾದ ಮೇಲೆ ಲಿನಕ್ಸಿನಲ್ಲಿ ಕೆಲಸ ಮಾಡದಿರುವುದೂ ಇದೇ ಕುಟುಂಬದ ಸಮಸ್ಯೆ. ಎರಡೂ ಸಿಸ್ಟಮ್‌ಗಳು ಬಳಸುವುದು ಒಂದೇ ಬ್ಲೂಟೂತ್ ಚಿಪ್ಪನ್ನು, ಅದರ ವಿಳಾಸವೂ ಒಂದೇ. ಆದರೆ ಜೋಡಿಸುವಾಗಲೆಲ್ಲ ಹೊಸ ಕೀಲಿ ಹುಟ್ಟುತ್ತದೆ, ಹೆಡ್‌ಫೋನು ಆ ವಿಳಾಸಕ್ಕೆ ಕೊನೆಯ ಕೀಲಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿರುವ ಕೀಲಿಯನ್ನು ಲಿನಕ್ಸಿನ ಬ್ಲೂಟೂತ್ ಫೋಲ್ಡರಿಗೆ ನಕಲು ಮಾಡಿದರೆ ಎರಡೂ ಕಡೆ ಅದು ತಾನಾಗಿ ಜೋಡಿಯಾಗುತ್ತದೆ. ನಾಜೂಕಿನ ಕೆಲಸವಾದರೂ ದಿನವೂ ಎರಡರ ನಡುವೆ ಓಡಾಡುವವರಿಗೆ ಇದರಿಂದ ಸಿಗುವ ಸುಖ ದೊಡ್ಡದು.

ಎರಡರಲ್ಲಿ ಒಂದು ಸಾಕು ಎಂದು ಕೊನೆಗೆ ತೀರ್ಮಾನಿಸಿ ಲಿನಕ್ಸನ್ನು ತೆಗೆಯುವವರು ಸಾಮಾನ್ಯವಾಗಿ ಅದರ ಪಾರ್ಟಿಷನ್ ಅಳಿಸುವುದರಿಂದ ಆರಂಭಿಸುತ್ತಾರೆ, ಮರುಕ್ಷಣವೇ ಗ್ರಬ್‌ನ ಕಪ್ಪು ಪರದೆಗೆ ಬಂದು ನಿಲ್ಲುತ್ತಾರೆ. ಮೊದಲು ಸರದಿಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮುಂದಕ್ಕೆ ತಂದು, ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ ಅದು ನೇರವಾಗಿ ವಿಂಡೋಸಿಗೆ ಹೋಗುತ್ತದೆಯೇ ಎಂದು ನೋಡಬೇಕು. ಅದು ಖಚಿತವಾದ ಮೇಲೆ ಲಿನಕ್ಸಿನ ಪಾರ್ಟಿಷನ್ ಅಳಿಸಬಹುದು, ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಅದರ ಫೋಲ್ಡರನ್ನೂ ಫರ್ಮ್‌ವೇರಿನಲ್ಲಿರುವ ಅದರ ನಮೂದನ್ನೂ ತೆಗೆಯಬಹುದು. ಇಎಫ್‌ಐ ಪಾರ್ಟಿಷನ್ನನ್ನೇ ಅಳಿಸಬಾರದು. ವಿಂಡೋಸಿನ ಬೂಟ್ ಫೈಲುಗಳೂ ಅದರಲ್ಲೇ ಇವೆ.